ಬೇಸಿಗೆ ರಜೆಯಲ್ಲಿ ತಾಯಿ-ಮಗು ವಿಭಾಗದ ತರಬೇತಿ: ಹೋಗಬಹುದಾ?

ಬೇಸಿಗೆ ರಜೆ ಹತ್ತಿರ ಬಂತೆಂದರೆ ಮೆಡಿಕಲ್ ಓದುವವರ ಮುಂದೆ ತರಬೇತಿಗಳ ಸಾಲೇ ನಿಲ್ಲುತ್ತದೆ. ನಾನು ಆರಿಸಿಕೊಂಡಿದ್ದು ಹೆಂಗಸರು ಮತ್ತು ಮಕ್ಕಳ ಆರೋಗ್ಯದ ತರಬೇತಿ. ಮುಗಿಸಿ ಬಂದಾಗಿನಿಂದ ಜೂನಿಯರ್‌ಗಳದ್ದು ಒಂದೇ ಪ್ರಶ್ನೆ: ರಜೆ ಬಿಟ್ಟು ಹೋಗುವಷ್ಟು ಚೆನ್ನಾಗಿದೆಯಾ? ಖಂಡಿತ ಇದೆ. ಅದರಲ್ಲೂ ಒಂದು ಕಾರಣಕ್ಕೆ ತುಂಬಾ ಚೆನ್ನಾಗಿದೆ. ಒಂದು ವಿಷಯದಲ್ಲಿ ಮಾತ್ರ ಬೇಜಾರಿದೆ, ಅದನ್ನೂ ಹೇಳುತ್ತೇನೆ.

ಕಾಲೇಜಿನ ಪೋಸ್ಟಿಂಗ್‌ನಲ್ಲಿ ಹೆರಿಗೆ ವಿಭಾಗ ಒಂದು ಸಲ, ಮಕ್ಕಳ ವಿಭಾಗ ಇನ್ನೊಂದು ಸಲ. ನಡುವೆ ಎಷ್ಟೋ ತಿಂಗಳು ಕಳೆದಿರುತ್ತದೆ. ಹೆರಿಗೆ ನೋಡುತ್ತೇವೆ, ಮಗು ಅತ್ತ ಕೂಡಲೇ ಅದು ಬೇರೆ ವಿಭಾಗದ ಪೇಶೆಂಟ್ ಆಗಿಬಿಡುತ್ತದೆ. ಆಮೇಲೆ ಏನಾಯಿತು ಅಂತ ನಮಗೆ ಗೊತ್ತೇ ಆಗುವುದಿಲ್ಲ. ಇಲ್ಲಿ ಹಾಗಲ್ಲ. ಒಪ್ಪಿಗೆ ಕೊಟ್ಟ ಕೆಲವು ತಾಯಂದಿರನ್ನು ಒಬ್ಬೊಬ್ಬ ವಿದ್ಯಾರ್ಥಿಗೆ ವಹಿಸುತ್ತಾರೆ. ಅಡ್ಮಿಟ್ ಆದಾಗಿನಿಂದ ಮನೆಗೆ ಹೋಗುವ ತನಕ ತಾಯಿಯನ್ನೂ ನಾವೇ ನೋಡಬೇಕು, ಮಗುವನ್ನೂ ನಾವೇ ನೋಡಬೇಕು.

ಇದರ ಬೆಲೆ ನನಗೆ ಗೊತ್ತಾಗಿದ್ದು ಬಿಪಿ ಜಾಸ್ತಿಯಾಗಿ ಬಂದ ಒಬ್ಬ ತಾಯಿಯಿಂದ. ಇನ್ನೂ ತಿಂಗಳು ತುಂಬಿರಲಿಲ್ಲ. ಫಿಟ್ಸ್ ಬರದಿರಲಿ ಅಂತ ಮ್ಯಾಗ್ನೀಸಿಯಂ ಸಲ್ಫೇಟ್ ಕೊಡುತ್ತಿದ್ದರು. ಆ ಔಷಧಿ ಮೈಯಲ್ಲಿ ಜಾಸ್ತಿಯಾದರೆ ಉಸಿರಿಗೇ ಕುತ್ತು. ಹಾಗಾಗಿ ಪಕ್ಕದಲ್ಲೇ ಇದ್ದು ನೋಡುತ್ತಿರಬೇಕು. ಮಂಡಿಯ ಕೆಳಗೆ ಸುತ್ತಿಗೆಯಿಂದ ತಟ್ಟಿದರೆ ಕಾಲು ಜಿಗಿಯುತ್ತದಾ? ಉಸಿರು ನಿಮಿಷಕ್ಕೆ 16ಕ್ಕಿಂತ ಕೆಳಗೆ ಇಳಿದಿದೆಯಾ? ಮೂತ್ರ ಸರಿಯಾಗಿ ಬರುತ್ತಿದೆಯಾ? ಈ ಮೂರರಲ್ಲಿ ಒಂದು ತಪ್ಪಿದರೂ ಮುಂದಿನ ಡೋಸ್ ನಿಲ್ಲಿಸಬೇಕು. ಮ್ಯಾಗ್ನೀಸಿಯಂ ಜಾಸ್ತಿಯಾದರೆ ಅದಕ್ಕೆ ಮದ್ದಾದ ಕ್ಯಾಲ್ಸಿಯಂ ಗ್ಲುಕೊನೇಟ್ ಕೈಗೆಟುಕುವ ಹಾಗೆ ಟ್ರೇಯಲ್ಲಿ ಇಟ್ಟಿದ್ದರು.

ಹೆರಿಗೆಯಾಯಿತು. ಮಗುವನ್ನು ನವಜಾತ ಶಿಶು ಘಟಕಕ್ಕೆ ಒಯ್ದರು, ನಾನೂ ಹಿಂದೆಯೇ ಹೋದೆ. ಮಗು ಮೆತ್ತಗಿತ್ತು, ಕೈಕಾಲು ಆಡಿಸುವುದು ಕಮ್ಮಿ. ಅಲ್ಲಿನ ಡಾಕ್ಟರ್ ಕೇಳಿದ ಮೊದಲ ಎರಡು ಪ್ರಶ್ನೆಯೂ ತಾಯಿಯ ಬಗ್ಗೆಯೇ. "ಮ್ಯಾಗ್ನೀಸಿಯಂ ಕೊನೆ ಡೋಸ್ ಯಾವಾಗ ಕೊಟ್ಟಿದ್ದು? ಸ್ಟೀರಾಯ್ಡ್ ಕೊಟ್ಟು ಎಷ್ಟು ಹೊತ್ತಾಗಿತ್ತು?" ಮೊದಲನೆಯದು ಮಗು ಯಾಕೆ ಮೆತ್ತಗಿದೆ ಅಂತ ತಿಳಿಯುವುದಕ್ಕೆ, ಏಕೆಂದರೆ ಆ ಔಷಧಿ ಮಗುವಿಗೂ ದಾಟುತ್ತದೆ. ಎರಡನೆಯದು ತಾಯಿಗೆ ಕೊಟ್ಟ ಸ್ಟೀರಾಯ್ಡ್‌ನಿಂದ ಮಗುವಿನ ಶ್ವಾಸಕೋಶಕ್ಕೆ ಬಲಿಯಲು ಸಮಯ ಸಿಕ್ಕಿತ್ತಾ ಅಂತ ತಿಳಿಯುವುದಕ್ಕೆ. ಎರಡಕ್ಕೂ ಉತ್ತರ ನನ್ನ ಹತ್ತಿರ ಇತ್ತು. ರಾತ್ರಿಯಿಡೀ ಅದೇ ಮಂಚದ ಪಕ್ಕ ಇದ್ದವರಿಗೆ ಇಲ್ಲದೆ ಇನ್ಯಾರಿಗೆ ಇರುತ್ತದೆ, ಹೇಳಿ? ಹೆರಿಗೆ ವಿಭಾಗದ ಪಾಠ, ಮಕ್ಕಳ ವಿಭಾಗದ ಪಾಠ ಅಂತ ಬೇರೆ ಬೇರೆ ಪುಸ್ತಕದಲ್ಲಿ ಓದಿದ್ದು ಅವತ್ತು ಒಂದೇ ಕೇಸ್ ಶೀಟ್‌ಗೆ ಬಂದು ಸೇರಿತು.

ಆ ತಾಯಿಗೆ ಸ್ವಲ್ಪ ಸುಧಾರಿಸಿದ ಮೇಲೆ ಘಟಕಕ್ಕೆ ಕರೆತಂದು ಮಗುವನ್ನು ಎದೆಗೆ ಒರಗಿಸಿದರು. ಡಯಾಪರ್, ಟೋಪಿ ಬಿಟ್ಟರೆ ಮಗುವಿನ ಮೈಮೇಲೆ ಬೇರೇನೂ ಇಲ್ಲ. ಅಮ್ಮನ ಮೈ ಬಿಸಿಯೇ ಅದಕ್ಕೆ ಹೊದಿಕೆ. ಕಾಂಗರೂ ಆರೈಕೆ ಅಂತ ಇದನ್ನೇ ಕರೆಯುವುದು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಡಾಕ್ಟರ್ ಎಡ್ಗರ್ ರೇ ಇದನ್ನು ಶುರು ಮಾಡಿದಾಗ ಅಲ್ಲಿ ಇನ್‌ಕ್ಯುಬೇಟರ್‌ಗಳು ಸಾಲುತ್ತಿರಲಿಲ್ಲ. ಈಗ ಇದು ಇನ್‌ಕ್ಯುಬೇಟರ್ ಇಲ್ಲದ ಕಡೆಯವರ ಉಪಾಯವಾಗಿ ಉಳಿದಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಸಾಧ್ಯವಾದಷ್ಟೂ ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಗಂಟೆಗಟ್ಟಲೆ ಹಾಗೇ ಕೂರಲು ತಾಯಿಗೆ ಒರಗುವ ಕುರ್ಚಿ ಬೇಕು, ಜೊತೆಗೆ ಒಬ್ಬರು ಬೇಕು. ಈ ಆಸ್ಪತ್ರೆಯಲ್ಲಿ ಎರಡೂ ಇತ್ತು. ನನಗೆ ಅದು ತುಂಬಾ ಇಷ್ಟವಾಯಿತು.

ತರಬೇತಿ ಶುರುವಾಗುವುದು ವಾರ್ಡಿನಲ್ಲಲ್ಲ, ಸ್ಕಿಲ್ ಲ್ಯಾಬಿನಲ್ಲಿ. ಗೊಂಬೆಗೆ ಬ್ಯಾಗ್ ಮತ್ತು ಮಾಸ್ಕ್‌ನಿಂದ ಉಸಿರು ಕೊಡಿಸುತ್ತಾರೆ. ಮಾಸ್ಕ್ ಗದ್ದ, ಬಾಯಿ, ಮೂಗು ಮುಚ್ಚಬೇಕು, ಕಣ್ಣಿಗೆ ತಾಗಬಾರದು. ತಲೆ ತೀರಾ ಹಿಂದಕ್ಕೂ ಬೇಡ, ಮುಂದಕ್ಕೂ ಬೇಡ. ಎದೆ ಏಳದಿದ್ದರೆ ಎಷ್ಟು ಒತ್ತಿದರೂ ಸುಮ್ನೆ. ಉಸಿರಾಡದ ಮಗುವಿಗೆ ಮೊದಲ ಒಂದು ನಿಮಿಷದೊಳಗೆ ಇದು ಶುರುವಾಗಬೇಕು. ಕೈಗೆ ಅಭ್ಯಾಸ ಆಗುವ ತನಕ ವಾರ್ಡಿಗೆ ಬಿಡಲಿಲ್ಲ. ಸರಿಯಾಗಿಯೇ ಮಾಡಿದರು.

ಹೆರಿಗೆ ವಾರ್ಡಿನಲ್ಲಿ ಕಲಿಸುವವರು ಹೆಚ್ಚಾಗಿ ಸಿಸ್ಟರ್‌ಗಳು. ಮೊದಲ ಪಾಠ ಹೊಟ್ಟೆಯ ಮೇಲೆ ಕೈಯಿಟ್ಟು ಸುಮ್ಮನೆ ಕೂರುವುದು. ಹತ್ತು ನಿಮಿಷದಲ್ಲಿ ಎಷ್ಟು ನೋವು ಬಂತು, ಒಂದೊಂದು ಎಷ್ಟು ಸೆಕೆಂಡ್ ಇತ್ತು? ಮೆಷಿನ್ ಪಕ್ಕದಲ್ಲೇ ಇದ್ದರೂ ಕೈಯಲ್ಲೇ ಎಣಿಸಬೇಕು. ಗರ್ಭಕಂಠ 4 ಸೆಂಟಿಮೀಟರ್ ತೆರೆದರೆ ಸಕ್ರಿಯ ಹಂತ, ಅಂದರೆ ಹೆರಿಗೆ ವೇಗ ಪಡೆಯುವ ಹಂತ ಅಂತ ಓದಿಕೊಂಡು ಹೋಗಿದ್ದವರಿಗೆ 2018ರಿಂದ ಅದು 5 ಅಂತ ಹೇಳಿಕೊಟ್ಟವರೂ ಅವರೇ. ಗಂಟೆಗೆ 1 ಸೆಂಟಿಮೀಟರ್ ತೆರೆಯಲೇಬೇಕು ಅನ್ನುವ ಹಳೆಯ ಲೆಕ್ಕಕ್ಕೆ ಜೋತುಬಿದ್ದು ಅವಸರ ಮಾಡಬೇಡಿ ಅಂದರು. 2020ರಲ್ಲಿ ಬಂದ ಹೊಸ ಹೆರಿಗೆ ಚಾರ್ಟನ್ನೇ ಅಲ್ಲಿ ಬಳಸುತ್ತಾರೆ. ಮಗುವಿನ ಎದೆಬಡಿತದ ಜೊತೆಗೆ ಇನ್ನೂ ಕೆಲವು ಸಾಲು ತುಂಬಬೇಕು: ಜೊತೆಗೆ ಯಾರಾದರೂ ಇದ್ದಾರಾ, ನೋವಿಗೆ ಏನಾದರೂ ಕೊಟ್ಟಿರಾ, ಏನಾದರೂ ಕುಡಿದರಾ, ಮಲಗೇ ಇದ್ದಾರಾ ಇಲ್ಲ ಎದ್ದು ಓಡಾಡಿದರಾ. ಬರೆಯಲು ಜಾಗ ಇದ್ದರೆ ಕೇಳುವ ಅಭ್ಯಾಸ ತಾನಾಗೇ ಬರುತ್ತದೆ.

ನನ್ನ ಕಣ್ಣಲ್ಲಿ ಕೂತಿರುವುದು ಹುಟ್ಟಿದ ಮೊದಲ ಐದು ನಿಮಿಷ. ಒಬ್ಬರು ಜೋರಾಗಿ ಟೈಮ್ ಕೂಗುತ್ತಾರೆ. ಮಗುವನ್ನು ಒರೆಸಿ ನೇರ ಅಮ್ಮನ ಎದೆಗೆ. ರಕ್ತಸ್ರಾವ ತಡೆಯಲು ತಾಯಿಗೆ ಆಕ್ಸಿಟೋಸಿನ್ 10 ಯೂನಿಟ್. ಹೊಕ್ಕುಳಬಳ್ಳಿಯನ್ನು ಅವಸರದಲ್ಲಿ ಕತ್ತರಿಸುವುದಿಲ್ಲ, ಒಂದು ನಿಮಿಷವಾದರೂ ಬಿಡುತ್ತಾರೆ. ಒಂದನೇ ನಿಮಿಷಕ್ಕೊಂದು, ಐದನೇ ನಿಮಿಷಕ್ಕೊಂದು, ಮಗು ಹೇಗಿದೆ ಅಂತ ಅಳೆಯುವ ಎಪ್ಗಾರ್ ಅಂಕ. 1952ರಲ್ಲಿ ಅರಿವಳಿಕೆ ತಜ್ಞೆ ವರ್ಜೀನಿಯಾ ಎಪ್ಗಾರ್ ಇದನ್ನು ರೂಪಿಸುವ ಮುಂಚೆ ಹುಟ್ಟಿದ ಮಗುವನ್ನು ಹೀಗೆ ಗಡಿಯಾರ ನೋಡಿ ಅಳೆಯುವ ಪದ್ಧತಿಯೇ ಇರಲಿಲ್ಲ. ಆಮೇಲೆ ತಾಯಿಯ ಅಡಿಗೆ ಅಳತೆ ಗುರುತಿರುವ ಪ್ಲಾಸ್ಟಿಕ್ ಚೀಲ ಹಾಕುತ್ತಾರೆ, ಎಷ್ಟು ರಕ್ತ ಹೋಯಿತು ಅಂತ ಅದರಲ್ಲೇ ಕಾಣುತ್ತದೆ. ಕಣ್ಣಂದಾಜು ಯಾವಾಗಲೂ ಕಮ್ಮಿಯೇ ಹೇಳುವುದು. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ ಅಧ್ಯಯನವೊಂದು ಬಂತು. ಹೀಗೆ ಅಳೆದು ಬೇಗ ಪತ್ತೆ ಮಾಡಿ, ಚಿಕಿತ್ಸೆಗಳನ್ನೆಲ್ಲ ಒಟ್ಟಿಗೇ ಕೊಟ್ಟ ಆಸ್ಪತ್ರೆಗಳಲ್ಲಿ ತೀವ್ರ ರಕ್ತಸ್ರಾವದಂಥ ಗಂಭೀರ ತೊಂದರೆಗಳು ಶೇಕಡಾ 60ರಷ್ಟು ಇಳಿದಿದ್ದವು. ಒಂದು ಪ್ಲಾಸ್ಟಿಕ್ ಚೀಲಕ್ಕೆ ಇಷ್ಟು ಶಕ್ತಿ ಇದೆ ಅಂತ ನಾನು ಅಂದುಕೊಂಡಿರಲಿಲ್ಲ.

ಈಗ ಬೇಜಾರಿನ ವಿಷಯ. ನಾವು ಮಾಡಿದ ಕೆಲಸ ಬರೆದು ಸಹಿ ಹಾಕಿಸಿಕೊಳ್ಳುವ ಲಾಗ್‌ಬುಕ್‌ನಲ್ಲಿ ಎಣಿಕೆಯಾಗುವುದು ಹೆರಿಗೆ ಮಾತ್ರ. ಬಾಣಂತಿ ವಾರ್ಡಿಗೆ ಒಂದು ಕಾಲಂ ಕೂಡ ಇಲ್ಲ. ಪರಿಣಾಮ ಏನು ಗೊತ್ತಾ? ಹೆರಿಗೆ ಆಗುವ ಮಂಚದ ಸುತ್ತ ಸಹಿಗಾಗಿ ವಿದ್ಯಾರ್ಥಿಗಳ ಗುಂಪು, ಬಾಣಂತಿ ವಾರ್ಡಿನಲ್ಲಿ ಒಬ್ಬರೂ ಇಲ್ಲ. ರಕ್ತಸ್ರಾವ, ಬಿಪಿ ಏರುವುದು, ಹಾಲು ಸರಿಯಾಗಿ ಬರದಿರುವುದು, ಸುಮ್ಮಸುಮ್ಮನೆ ಅಳು ಬರುವುದು, ಇದೆಲ್ಲ ಕಾಣುವುದು ಅಲ್ಲೇ ಅಲ್ವಾ? ಹೆತ್ತ ಮೇಲಿನ ಮೊದಲ 24 ಗಂಟೆಯೇ ತಾಯಿಗೆ ದೊಡ್ಡ ಗಂಡಾಂತರದ ಹೊತ್ತು. ಇನ್ನೊಂದು ಮಾತು. ನೋವು ತಿನ್ನುತ್ತಿರುವ ಹೆಂಗಸು ಕಣ್ಣೆತ್ತಿದರೆ ಆರೇಳು ಅಪರಿಚಿತ ಮುಖ ಕಾಣುವುದು ಸರಿಯಲ್ಲ. ಅಡ್ಮಿಟ್ ಆಗುವಾಗ ಹಾಕಿಸಿಕೊಂಡ ಸಹಿ ಸಾಲದು. ಆ ಹೊತ್ತಿಗೆ ಮತ್ತೊಮ್ಮೆ ಕೇಳಲೇಬೇಕು. ಒಳಪರೀಕ್ಷೆಯ ವಿಷಯದಲ್ಲಿ ಮಾತ್ರ ಸಿಸ್ಟರ್ ಬಿಗಿಯಾಗಿದ್ದರು. ಕಲಿಯಬೇಕು ಅಂತ ಒಬ್ಬ ಸಹಪಾಠಿ ಮುಂದೆ ಬಂದಾಗ, "ಈಗ ತಾನೇ ನೋಡಿಯಾಗಿದೆಯಪ್ಪ. ನಾಲ್ಕು ಗಂಟೆಗೊಮ್ಮೆ ಸಾಕು. ಅವರಿಗೂ ನೋವಾಗುತ್ತೆ, ಸೋಂಕೂ ತಗಲುತ್ತೆ" ಅಂತ ತಡೆದರು.

ಮಕ್ಕಳ ಹೊರರೋಗಿ ವಿಭಾಗದಲ್ಲಿ ದಿನಗಳು ಬೇಗ ಓಡುತ್ತವೆ. ಅಲ್ಲಿ ಬೇಕಾಗುವುದು ಒಂದು ಗಡಿಯಾರ, ಬೇಕಾದಷ್ಟು ತಾಳ್ಮೆ. ಕೆಮ್ಮು ಅಂತ ಬಂದ ಮಗುವಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು, ಅಳುವಾಗ ಎಣಿಸಬಾರದು. ಅಂಗಿ ಮೇಲೆತ್ತಿ, ಅಮ್ಮನ ತೊಡೆಯ ಮೇಲೇ ಇರಿಸಿ ನೋಡಬೇಕು. ಎರಡು ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಮುಟ್ಟಿದರೆ ವೇಗದ ಉಸಿರು. ಭೇದಿಯಾದ ಮಕ್ಕಳ ಮೂಲೆಯಲ್ಲಿ ನಮ್ಮ ಕೈಗೆ ಚಮಚ ಕೊಟ್ಟು ಕೂರಿಸಿದರು. ಒಆರ್‌ಎಸ್ ಒಂದೊಂದೇ ಚಮಚ. ವಾಂತಿ ಮಾಡಿದರೆ ಹತ್ತು ನಿಮಿಷ ತಡೆದು ಮತ್ತೆ, ಇನ್ನೂ ನಿಧಾನವಾಗಿ. ಚೀಟಿಯಲ್ಲಿ ಒಆರ್‌ಎಸ್ ಅಂತ ಬರೆಯುವುದು ಸುಲಭ. ಅದನ್ನು ಕುಡಿಸಲು ಒಬ್ಬ ತಾಯಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಪಕ್ಕದಲ್ಲಿ ಕೂತರೇ ತಿಳಿಯುವುದು.

ಯಾರಿಗೆ ಸರಿಹೋಗುತ್ತದೆ? ಮೂಳೆ ಡಾಕ್ಟರ್ ಆಗುತ್ತೇನೆ ಅನ್ನುವವರೂ ಧಾರಾಳವಾಗಿ ಹೋಗಬಹುದು. ಇಂತಿಷ್ಟು ಹೆರಿಗೆ ಮಾಡಿಸಿದೆ ಅಂತ ಲೆಕ್ಕ ಬೇಕಾದವರು ಬೇಡ. ರಾತ್ರಿ ಡ್ಯೂಟಿ ತಪ್ಪುವುದಿಲ್ಲ. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಮುಂಚೆಯೇ ಮುಗಿಸಿಕೊಳ್ಳಿ. ಸೇರುವ ಮುಂಚೆ ಸಂಯೋಜಕರನ್ನು ಕೇಳಿ: ಒಂದೇ ತಾಯಿ-ಮಗುವನ್ನು ಕೊನೆತನಕ ನೋಡಲು ಬಿಡುತ್ತೀರಾ, ಒಂದು ಮಂಚಕ್ಕೆ ಎಷ್ಟು ವಿದ್ಯಾರ್ಥಿಗಳು? ಬಾಣಂತಿ ವಾರ್ಡಿನ ವಿಷಯವನ್ನು ನಾನು ಫೀಡ್‌ಬ್ಯಾಕ್ ಫಾರಂನಲ್ಲಿ ವಿವರವಾಗಿ ಬರೆದುಕೊಟ್ಟೆ. ಮುಂದಿನ ಬ್ಯಾಚಿನ ಲಾಗ್‌ಬುಕ್‌ಗೆ ಅದಕ್ಕೂ ಒಂದು ಪುಟ ಸೇರಿಸುತ್ತೇವೆ ಅಂದಿದ್ದಾರೆ. ನೀವು ಹೋದಾಗ ಆ ಪುಟ ಇಲ್ಲದಿದ್ದರೆ ದಯವಿಟ್ಟು ನೀವೂ ಕೇಳಿ.