ಕಾರ್ಬುರೇಟರ್‌ಗೆ ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್: ಕ್ಯೂಬೋ ವೇನೋ, ಜೊತೆಗೆ ಯಾವ ರೆಗ್ಯುಲೇಟರ್?

ಮೊದಲು ಕಾರ್ಬುರೇಟರ್ ಯಾವುದು ಅಂತ ನೋಡಿ, ಆಮೇಲೆ ಪಂಪ್. ವೆಬರ್ ಡಿಸಿಒಇ ಕಾರ್ಬುರೇಟರ್‌ಗೆ 2.5ರಿಂದ 3.5 ಪಿಎಸ್‌ಐ (ಒತ್ತಡದ ಅಳತೆ) ಸಾಕು, ಹೋಲಿ ಕಂಪನಿಯದಕ್ಕೆ 6–7. ಅದಕ್ಕಿಂತ ಹೆಚ್ಚಾದರೆ ಫ್ಲೋಟ್ (ಕಾರ್ಬುರೇಟರ್‌ನ ಬೌಲ್‌ನಲ್ಲಿ ತೇಲುವ ಬುರುಡೆ) ಎಷ್ಟೇ ಒತ್ತಿದರೂ ನೀಡಲ್ (ಪೆಟ್ರೋಲ್ ಒಳಬರುವ ದಾರಿ ಮುಚ್ಚುವ ಸೂಜಿ) ಸೀಟಿನ ಮೇಲೆ ಕೂರುವುದಿಲ್ಲ. ಐಡಲ್‌ನಲ್ಲಿ ಕಾರ್ಬುರೇಟರ್ ಬಾಯೊಳಗೆ ಇಣುಕಿದರೆ ಮೇನ್ ನಾಜಲ್‌ನಿಂದ ಪೆಟ್ರೋಲ್ ತೊಟ್ಟಿಕ್ಕುವುದು ಕಾಣುತ್ತದೆ, ಪ್ಲಗ್ ಬಿಚ್ಚಿದರೆ ಮಸಿ.

ಪ್ರಮಾಣದ ಚಿಂತೆ ಅನೇಕರಿಗೆ ಅಗತ್ಯಕ್ಕಿಂತ ಜಾಸ್ತಿ. 200 ಎಚ್‌ಪಿ ಇಂಜಿನ್ ಫುಲ್ ಥ್ರಾಟಲ್‌ನಲ್ಲಿ ಗಂಟೆಗೆ ಕುಡಿಯುವುದು ಸುಮಾರು 60 ಲೀಟರ್. ಫ್ಯಾಸೆಟ್ ಕಂಪನಿಯ ಚಿಕ್ಕ, ಡಬ್ಬಿಯಾಕಾರದ ಕ್ಯೂಬ್ ಪಂಪ್ ತಡೆಯಿಲ್ಲದೆ ನೂರು ಲೀಟರ್ ಆಸುಪಾಸು ಕೊಡುತ್ತದೆ. ಟಕಟಕ ಸದ್ದು ಮಾಡುತ್ತದೆ, ರಬ್ಬರ್ ಬುಷ್ ಹಾಕಿ ಕೂರಿಸಿದರೆ ತಗ್ಗುತ್ತದೆ. ಇದರಲ್ಲೇ ಕಡಿಮೆ ಪ್ರೆಷರ್‌ನ ಮಾಡೆಲ್‌ಗಳಿವೆ. ವೆಬರ್‌ಗೆ ಅದನ್ನೇ ತಗೊಂಡರೆ ಎಷ್ಟೋ ಸಲ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಬೇಕಾಗುವುದೇ ಇಲ್ಲ. ಸಾಧಾರಣ ಇಂಜಿನ್‌ಗೆ ನನ್ನ ಮತ ಇದಕ್ಕೇ.

ತಿರುಗುವ ಪಟ್ಟಿಗಳಿಂದ ಪೆಟ್ರೋಲ್ ತಳ್ಳುವ ವೇನ್ ಪಂಪ್‌ಗಳ ಗತಿ ಬೇರೆ. ಹೋಲಿಯದೇ ರೆಡ್ ಪಂಪ್ 7 ಪಿಎಸ್‌ಐಗೆ ನಿಲ್ಲುತ್ತದೆ, ಹೋಲಿ ಕಾರ್ಬುರೇಟರ್‌ಗೆ ನೇರವಾಗಿ ನಡೆಯುತ್ತದೆ. ಬ್ಲೂ 14ರ ತನಕ ಹೋಗುವುದರಿಂದ ರೆಗ್ಯುಲೇಟರ್ ಕಡ್ಡಾಯ. ಎರಡೂ ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸಪ್ಪೆ. ಟ್ಯಾಂಕ್ ಪಕ್ಕದಲ್ಲಿ, ಪೆಟ್ರೋಲ್ ಮಟ್ಟಕ್ಕಿಂತ ಕೆಳಗೆ ಇಡದಿದ್ದರೆ ಒಣಗಿ ಓಡಿ ವೇನ್ ಸವೆಯುತ್ತದೆ. ಪಂಪ್‌ಗೆ ಮುಂಚೆ 100 ಮೈಕ್ರಾನ್ ಫಿಲ್ಟರ್ ಹಾಕಿ. ಅದಕ್ಕಿಂತ ಸಣ್ಣ ಕಣ್ಣಿನ ಫಿಲ್ಟರ್ ಪಂಪ್‌ನ ಉಸಿರು ಕಟ್ಟುತ್ತದೆ. ಸೂಕ್ಷ್ಮ ಫಿಲ್ಟರ್‌ನ ಜಾಗ ಪಂಪ್ ಆದಮೇಲೆ.

ರೆಗ್ಯುಲೇಟರ್‌ನಲ್ಲಿ ಡೆಡ್‌ಹೆಡ್ (ಹೆಚ್ಚಾದ ಪೆಟ್ರೋಲ್ ಟ್ಯಾಂಕ್‌ಗೆ ಮರಳದ ಬಗೆ) ಸುಲಭ, ಪೈಪ್ ಒಂದೇ. ಕೊಳ್ಳುವಾಗ ರೇಂಜ್ ಓದಿ: ಹೋಲಿ 12-804ರದ್ದು 1–4 ಪಿಎಸ್‌ಐ, 12-803ರದ್ದು 4.5–9. ಎರಡನೆಯದನ್ನು ತಂದು 3ಕ್ಕೆ ಇಳಿಸಲು ಹೆಣಗಾಡಿ ಫಲವಿಲ್ಲ. ಕೂರಿಸಿದ ಮೇಲೆ ಇಂಜಿನ್ ನಿಲ್ಲಿಸಿ ಪಂಪ್ ಮಾತ್ರ ಓಡಿಸಿ. ಬೌಲ್ ತುಂಬಿದ ಮೇಲೆ ಗೇಜ್ ಮುಳ್ಳು ಅಲ್ಲಾಡದೆ ನಿಲ್ಲಬೇಕು. ನಿಧಾನವಾಗಿ ಮೇಲೇರುತ್ತಿದ್ದರೆ ರೆಗ್ಯುಲೇಟರ್‌ನ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ, ಸಾಮಾನ್ಯವಾಗಿ ಕಾರಣ ಒಂದು ಕಣ ಕಸ.

ಬ್ಲೂನಂಥ ದೊಡ್ಡ ಪಂಪ್‌ಗೆ ರಿಟರ್ನ್ ಇರುವ ರೆಗ್ಯುಲೇಟರ್ ಒಳ್ಳೆಯದು. ಪೆಟ್ರೋಲ್ ಸುತ್ತುತ್ತಲೇ ಇರುವುದರಿಂದ ಪೈಪ್‌ನಲ್ಲಿ ಕಾದು ಆವಿಯಾಗುವುದು ಕಡಿಮೆ, ಪಂಪ್‌ಗೂ ಹೊರೆ ಇಳಿಯುತ್ತದೆ. ರಿಟರ್ನ್ ಪೈಪ್ ಮಾತ್ರ ಸಪ್ಲೈ ಪೈಪ್‌ಗಿಂತ ಸಣ್ಣದಾಗಬಾರದು. ಸಣ್ಣದಾದರೆ ಅಲ್ಲೇ ಒತ್ತಡ ಕಟ್ಟಿಕೊಂಡು, ಸ್ಕ್ರೂ ಪೂರ್ತಿ ಸಡಿಲಿಸಿದರೂ ಪ್ರೆಷರ್ ಇಳಿಯದು. ರಿಟರ್ನ್ ಪೈಪ್ ಸೇರಬೇಕಾದ್ದು ಟ್ಯಾಂಕ್‌ಗೇ. ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಪಂಪ್‌ನ ಇನ್‌ಲೆಟ್‌ಗೆ ಸೇರಿಸಬೇಡಿ.

ಬಾನೆಟ್ ಒಳಗಿನ ಗ್ಲಿಸರಿನ್ ಗೇಜ್ ಬಿಸಿಯಾದಾಗ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಪ್ರೆಷರ್ ಏರಿಸಿದವರ ಕಾರ್ಬುರೇಟರ್ ಮತ್ತೆ ಚೆಲ್ಲುತ್ತದೆ. ತಣ್ಣಗಿರುವಾಗಲೇ ಸೆಟ್ ಮಾಡಿ.

ವೈರಿಂಗ್‌ನಲ್ಲಿ ಪಂಪ್‌ನ ಕರೆಂಟ್ ಇಗ್ನಿಷನ್ ಸ್ವಿಚ್ ಮೂಲಕ ಹಾಯಬಾರದು. ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ನಡೆಸುವ ಸ್ವಿಚ್) ಹಾಕಿ, ರಿಲೇಯನ್ನು ಆಯಿಲ್ ಪ್ರೆಷರ್ ಸ್ವಿಚ್ ಹಿಡಿದಿರಲಿ. ಅಪಘಾತವಾಗಿ ಇಂಜಿನ್ ನಿಂತರೆ ಪಂಪೂ ನಿಲ್ಲಬೇಕು. ಸ್ಟಾರ್ಟ್ ಮಾಡುವಾಗ ಆಯಿಲ್ ಪ್ರೆಷರ್ ಇನ್ನೂ ಇರುವುದಿಲ್ಲ. ಆ ಹೊತ್ತಿಗೆ ಸ್ಟಾರ್ಟರ್ ಲೈನ್‌ನಿಂದ ರಿಲೇಗೆ ಒಂದು ವೈರ್ ಬೇಕು, ನಡುವೆ ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಭಾಗ) ಇಟ್ಟು.