ಹಿಡಕಲ್ ಹಿನ್ನೀರಿನಲ್ಲಿ ಸೋನಾರ್ ಚೆಂಡು: ಮುಳುಗಿದ ಗುಡಿಯನ್ನು ಮೇಲಿನಿಂದ ಹುಡುಕಿದ್ದು

ಹುಕ್ಕೇರಿ ತಾಲೂಕಿನ ಹುನ್ನೂರಿನ ವಿಠ್ಠಲನ ಗುಡಿ ಗೊತ್ತಲ್ವಾ? ಘಟಪ್ರಭೆಗೆ ಹಿಡಕಲ್‌ನಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ನೀರಿನೊಳಗೆ ಹೋದ ಗುಡಿ. ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದರೆ ಮಾತ್ರ ಕಾಣುತ್ತದೆ. ನಮ್ಮ ಅಜ್ಜಿಯ ತವರು ಆ ಕಡೆಯದೇ. ಜಲಾಶಯ ತುಂಬಿದಾಗ ಗುಡಿಯ ನೆತ್ತಿಗೆ ಸರಿಯಾಗಿ ತೆಪ್ಪ ನಿಲ್ಲಿಸಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಅದಕ್ಕೇ ಈ ಸೋನಾರ್ ಚೆಂಡು ತೆಗೆದುಕೊಂಡೆ. ಸುಮಾರು 13 ಸಾವಿರ ಬಿತ್ತು. ಈ ಬಗೆಯವು ಬೇರೆ ಬೇರೆ ಕಂಪನಿಯವು ಸಿಗುತ್ತವೆ, ಕೆಲಸ ಹೆಚ್ಚೂಕಡಿಮೆ ಒಂದೇ. ಅದಕ್ಕೆ ಹೆಸರಿಗಿಂತ ಬಳಕೆಯ ಬಗ್ಗೆ ಬರೆಯುತ್ತೇನೆ.

ಚೆಂಡು ಅಂಗೈಯಲ್ಲಿ ಹಿಡಿಸುವಷ್ಟಿದೆ. ನೀರಿಗೆ ಬಿಟ್ಟರೆ ತೇಲುತ್ತಾ ಕೆಳಕ್ಕೆ ಸದ್ದಿನ ಅಲೆ ಕಳಿಸುತ್ತದೆ. ತಳಕ್ಕೆ ಬಡಿದು ಅದು ವಾಪಸ್ ಬರಲು ಹಿಡಿದ ಸಮಯದಿಂದ ಆಳ ಲೆಕ್ಕ ಹಾಕಿ, ವೈಫೈ ಮೂಲಕ ಮೊಬೈಲಿಗೆ ಚಿತ್ರ ಕಳಿಸುತ್ತದೆ. ಸಿಹಿನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,480 ಮೀಟರ್ ಓಡುತ್ತದೆ, ಹಾಗಾಗಿ ಕಾಯುವ ಮಾತೇ ಇಲ್ಲ.

ಆದರೆ ಚೆಂಡು ಒಂದೇ ಸಾಲದು. ಮೊದಲು ಜಾಗದ ಹತ್ತಿರ ಹೋಗಬೇಕಲ್ವಾ? ಏಪ್ರಿಲ್‌ನಲ್ಲಿ ಗುಡಿ ಹೊರಗಿದ್ದಾಗ ಅದರ ಪಕ್ಕದಲ್ಲೇ ನಿಂತು ಜಿಪಿಎಸ್ ಗುರುತು ಬರೆದುಕೊಂಡಿದ್ದೆ. ನವೆಂಬರ್‌ನಲ್ಲಿ ಹೋದರೆ ಏನೂ ಸಿಗಲಿಲ್ಲ! ಮಧ್ಯಾಹ್ನದವರೆಗೆ ಸುತ್ತಿದೆವು, ತೆಪ್ಪ ನಡೆಸುವ ಕಾಕಾ ಪಾಪ ಹುಟ್ಟು ಹಾಕಿ ಹಾಕಿ ಸುಸ್ತಾದರು. ಮನೆಗೆ ಬಂದು ನೋಡಿದರೆ ತಪ್ಪು ನನ್ನದೇ. ಬರೆದುಕೊಂಡಾಗ ಅಕ್ಷಾಂಶದ ಅಂಕಿ 9.50 ನಿಮಿಷ ಅಂತಿತ್ತು (ಇಲ್ಲಿ ನಿಮಿಷ ಅಂದರೆ ಗಡಿಯಾರದ್ದಲ್ಲ, ಒಂದು ಡಿಗ್ರಿಯ ಅರವತ್ತನೇ ಪಾಲು; ಅದರ ಅರವತ್ತನೇ ಪಾಲು ಸೆಕೆಂಡ್). ಬೇರೆ ಆ್ಯಪಿಗೆ ಹಾಕುವಾಗ ಅದನ್ನೇ 9 ನಿಮಿಷ 50 ಸೆಕೆಂಡ್ ಅಂತ ಹಾಕಿದ್ದೆ. ಅರ್ಧ ನಿಮಿಷ ಅಂದರೆ 30 ಸೆಕೆಂಡ್, 50 ಅಲ್ಲ. ಆ 20 ಸೆಕೆಂಡಿನ ವ್ಯತ್ಯಾಸ ನೆಲದ ಮೇಲೆ 600 ಮೀಟರ್‌ಗಿಂತ ಜಾಸ್ತಿ. ದಯವಿಟ್ಟು ಗುರುತು ಬರೆದುಕೊಳ್ಳುವಾಗಲೇ ಅದು ಯಾವ ಮಾದರಿ ಅಂತ ಪಕ್ಕದಲ್ಲಿ ಬರೆದಿಡಿ. ಇನ್ನೊಂದು ಮಾತು, ನೆಟ್‌ವರ್ಕ್ ಇಲ್ಲದಿದ್ದರೂ ಮೊಬೈಲಿನ ಜಿಪಿಎಸ್ ಕೆಲಸ ಮಾಡುತ್ತದೆ. ಮ್ಯಾಪ್ ಮಾತ್ರ ಮನೆಯಲ್ಲೇ ಇಳಿಸಿಕೊಂಡು ಹೋಗಬೇಕು.

ಎರಡನೇ ಸಲ ಅಂಕಿ ಸರಿಯಿತ್ತು. ಆದರೂ ಗುಡಿ ಸಿಗಲು ಸುಮಾರು ಹೊತ್ತಾಯಿತು. ಬಯಲಿನಲ್ಲೂ ಮೊಬೈಲ್ ಜಿಪಿಎಸ್ ಐದು ಮೀಟರ್ ಆಚೀಚೆ ತೋರಿಸುತ್ತದೆ. ಗುರುತು ಹಾಕುವಾಗ ಐದು, ಹುಡುಕುವಾಗ ಇನ್ನೈದು. ಇತ್ತ ಸೋನಾರಿನ ಕಿರಣವೋ ಬಹಳ ಕಿರಿದು. 20 ಡಿಗ್ರಿಯ ಕಿರಣ 10 ಮೀಟರ್ ಆಳದಲ್ಲಿ ಮೂರೂವರೆ ಮೀಟರ್ ಅಗಲವನ್ನಷ್ಟೇ ನೋಡುತ್ತದೆ. ಪಕ್ಕದಲ್ಲೇ ಗುಡಿ ಇದ್ದರೂ ಮೊಬೈಲಿನಲ್ಲಿ ಬರೀ ಕೆಸರು ಕಾಣುತ್ತದೆ. ಸುಮ್ನೆ ಸುತ್ತಿದರೆ ಆಗುವುದಿಲ್ಲ. ಹೊಲದಲ್ಲಿ ಕುಂಟೆ ಹೊಡೆಯುತ್ತೇವಲ್ಲ, ಹಾಗೆ ಮೂರು ಮೂರು ಮೀಟರಿಗೆ ಒಂದು ಸಾಲು ಹಿಡಿದು ಹೋಗಬೇಕು.

ಇಲ್ಲಿ ಕಾಕಾ ಹೇಳಿಕೊಟ್ಟದ್ದು ಯಾವ ಯಂತ್ರಕ್ಕೂ ಕಡಿಮೆಯಲ್ಲ. "ಆ ಬೇವಿನ ಗಿಡಾನೂ ಹಿಂದಿನ ಗುಡ್ಡದ ಹೆಗಲೂ ಒಂದ ಗೆರಿಗಿ ಬರಬೇಕ್ರಿ, ಈ ಕಡೆ ನೀರಿನ ಟಾಕಿ ಆ ಮನಿ ಮೂಲಿಗೆ ಕೂಡಬೇಕು" ಅಂದರು. ಹತ್ತಿರದ್ದೊಂದು, ದೂರದ್ದೊಂದು, ಎರಡೂ ಒಂದೇ ಗೆರೆಯಲ್ಲಿ ಕಂಡರೆ ನೀವು ಆ ಗೆರೆಯ ಮೇಲಿದ್ದೀರಿ. ಇನ್ನೊಂದು ದಿಕ್ಕಿನಲ್ಲೂ ಅಂಥದೇ ಜೋಡಿ ಹಿಡಿದರೆ ಎರಡು ಗೆರೆ ಕೂಡುವಲ್ಲಿ ನಿಮ್ಮ ಜಾಗ. ಎರಡು ಗೆರೆ ಹೆಚ್ಚೂಕಡಿಮೆ ಮೂಲೆಮಟ್ಟದ ಹಾಗೆ ಕೂಡಿದರೆ ಒಳ್ಳೆಯದು, ಒಂದಕ್ಕೊಂದು ಸಮೀಪದ ದಿಕ್ಕಾದರೆ ತಪ್ಪು ಜಾಸ್ತಿ. ಸಮುದ್ರದಲ್ಲಿ ಡೈವಿಂಗ್ ದೋಣಿಯವರೂ ಈ ಉಪಾಯ ಬಳಸುತ್ತಾರೆ.

ಈಗ ಚೆಂಡಿನ ತೊಂದರೆಗಳು. ಅದರ ವೈಫೈಗೆ ಇಂಟರ್ನೆಟ್ ಇರುವುದಿಲ್ಲ, ಹಾಗಾಗಿ ನನ್ನ ಮೊಬೈಲ್ ಮತ್ತೆ ಮತ್ತೆ ಅದನ್ನು ಬಿಟ್ಟು ಡೇಟಾಗೆ ಹಾರುತ್ತಿತ್ತು. ಡೇಟಾ ಆಫ್ ಮಾಡಿದ ಮೇಲೆ ಸರಿಹೋಯಿತು. ಬಿಸಿಲಿಗೆ ಪರದೆ ಕಾಣುವುದಿಲ್ಲ, ತಲೆಯ ಮೇಲೆ ಟವೆಲ್ ಹೊದ್ದು ನೋಡಬೇಕು. ಚೆಂಡನ್ನು ಉದ್ದ ದಾರದಲ್ಲಿ ಹಿಂದೆ ಎಳೆದರೆ ಜಿಪಿಎಸ್ ತೋರಿಸುವುದು ತೆಪ್ಪದ ಜಾಗ, ಆಳ ತೋರಿಸುವುದು ಚೆಂಡಿನ ಜಾಗ. ತೆಪ್ಪದ ಅಂಚಿಗೇ ಕಟ್ಟಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಕೈಪಿಡಿಯಲ್ಲಿ ಎಲ್ಲೂ ಸ್ಪಷ್ಟವಾಗಿ ಹೇಳಿಲ್ಲ: ಪರದೆಯ ಬಲ ಅಂಚಿನಲ್ಲಿರುವುದಷ್ಟೇ ಈ ಕ್ಷಣದ್ದು. ನಡುವೆ ಕಾಣುವ ದಿಬ್ಬವನ್ನು ನೀವು ಆಗಲೇ ದಾಟಿ ಬಂದಿರುತ್ತೀರಿ.

ನಮಗೆ ಗುಡಿ ಸಿಕ್ಕಿದ್ದು ಏಳನೇ ಸಾಲಿನಲ್ಲಿ. ಸಪಾಟಾಗಿ ಬರುತ್ತಿದ್ದ ತಳದ ಗೆರೆ ಒಮ್ಮೆಲೇ ನಾಲ್ಕೈದು ಮೀಟರ್ ಮೇಲೆದ್ದು ಮತ್ತೆ ಇಳಿಯಿತು. ಕೆಸರಿನ ಗೆರೆ ದಪ್ಪಗೆ ಮಸುಕಾಗಿತ್ತು, ಇದು ಗಟ್ಟಿ, ಗಾಢ ಬಣ್ಣ. ಗಾಳಿಗೆ ತೆಪ್ಪ ನಿಲ್ಲುವುದಿಲ್ಲವಲ್ಲ, ತಕ್ಷಣ ಐದು ಕೆಜಿ ಕಲ್ಲು ಕಟ್ಟಿದ ಹಗ್ಗ ಬಿಟ್ಟು, ಮೇಲಿನ ತುದಿಗೆ ಖಾಲಿ ಕ್ಯಾನ್ ಕಟ್ಟಿ ತೇಲಿಬಿಟ್ಟೆವು. ಕಲ್ಲನ್ನು ಬೇಕಂತಲೇ ಗುಡಿಯ ಪಕ್ಕಕ್ಕೆ ಬಿಟ್ಟೆವು. ಗುಡಿಯ ಮೇಲೆ ಲಂಗರು, ಕಲ್ಲು ಯಾರೂ ಹಾಕಬೇಡಿ. ಆಮೇಲೆ ಸಣ್ಣ ಸೀಸದ ಗುಂಡನ್ನು ದಾರದಲ್ಲಿ ನಿಧಾನವಾಗಿ ಇಳಿಸಿದೆ. ಕೆಸರಿನಲ್ಲಿ ಅದು ಮೆತ್ತಗೆ ಕೂರುತ್ತದೆ, ಎಳೆದರೆ ಅಂಟಿಕೊಂಡ ಹಾಗೆ ಬರುತ್ತದೆ. ಇಲ್ಲಿ ಬೆರಳಿಗೆ ಟಕ್ ಅಂತ ತಾಗಿತು. ಕಲ್ಲು. ಕಾಕಾನ ಕೈಗೂ ದಾರ ಕೊಟ್ಟೆ. ಅವರು ಒಂದು ಸಲ ಮುಟ್ಟಿ ನೋಡಿ, ಹಣೆಗೆ ಕೈ ಹಚ್ಚಿಕೊಂಡರು.

ನಾವು ನೀರಿಗೆ ಇಳಿಯಲಿಲ್ಲ. ನಾನು ಮುರುಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ ಡೈವ್ ಮಾಡಿದ್ದೇನೆ, ಆದರೆ ಜಲಾಶಯದ ಕದಡಿದ ನೀರು, ಒಳಗೆ ಸಿಕ್ಕಿಕೊಂಡಿರಬಹುದಾದ ಬಲೆಗಳು, ಇವು ಬೇರೆಯೇ ಲೆಕ್ಕ. ಒಪ್ಪಿಗೆ, ತರಬೇತಿ ಪಡೆದ ಜೊತೆಗಾರರು ಇಲ್ಲದೆ ಬೇಡವೇ ಬೇಡ. ತೆಪ್ಪದಲ್ಲೂ ಲೈಫ್ ಜಾಕೆಟ್ ಬಿಚ್ಚಬೇಡಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಕೈಪಿಡಿಗೆ. ಪರದೆಯ ಚಿತ್ರ ಅಜ್ಜಿಗೆ ತೋರಿಸಿದಾಗ ಬಹಳ ಹೊತ್ತು ಆ ಗೆರೆ ನೋಡಿ, ಬಾಗಿಲು ಯಾವ ಕಡೆ ಅಂತ ಕೇಳಿದಳು. ಒಂದೇ ಗುರುತಿನಿಂದ ಅದನ್ನು ಹೇಳಲು ಆಗಲಿಲ್ಲ. ಈ ಬೇಸಿಗೆ ನೀರಿಳಿದರೆ ಬಾಗಿಲು, ನಾಲ್ಕು ಮೂಲೆ, ಎಲ್ಲಕ್ಕೂ ಬೇರೆ ಬೇರೆ ಗುರುತು ಹಾಕಿಕೊಂಡು ಬರುತ್ತೇನೆ.