ಪ್ಲೇ ಸ್ಟೋರ್ ಹೊರಗಿನ ನಾಲ್ಕು ದಾರಿ: ಅಮ್ಮನ ಫೋನ್‌ಗೆ ಯಾವುದು?

ಹೋದ ತಿಂಗಳು ಅಮ್ಮನ ವಾಟ್ಸಾಪ್‌ಗೆ ಒಂದು ಮದುವೆ ಆಮಂತ್ರಣ ಬಂತು. ಫೋಟೋ ಅಲ್ಲ, ಪಿಡಿಎಫ್ ಅಲ್ಲ, ಎಪಿಕೆ ಫೈಲು. ಅಂದರೆ ಒಂದು ಆ್ಯಪ್. ಪುಣ್ಯಕ್ಕೆ ಅಮ್ಮ ಅದನ್ನು ಒತ್ತಲಿಲ್ಲ, ನನ್ನನ್ನು ಕರೆದಳು. ಟ್ರಾಫಿಕ್ ಚಲನ್ ಹೆಸರಲ್ಲೂ ಇಂಥವು ಬರುತ್ತವೆ. ಹಾಕಿಕೊಂಡರೆ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳಿ ಓಟಿಪಿ ಕದಿಯುತ್ತವೆ.

ಡಿಲೀಟ್ ಮಾಡಿ ಫೋನ್ ಕೊಟ್ಟೆ. ಅಮ್ಮ ಬಿಡಲಿಲ್ಲ. "ನೀನೂ ಪ್ಲೇ ಸ್ಟೋರ್ ಬಿಟ್ಟು ಏನೇನೋ ಹಾಕ್ಕೊಳ್ತೀಯಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?"

ಥಟ್ಟನೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ಸಿಮ್ ಇಲ್ಲದ, ಬ್ಯಾಂಕ್ ಆ್ಯಪ್ ಇಲ್ಲದ ಹಳೆ ಫೋನ್ ಒಂದನ್ನು ತೆಗೆದು ಎಫ್-ಡ್ರಾಯ್ಡ್, ಒಬ್ಟೇನಿಯಮ್, ಎಪಿಕೆ ಮಿರರ್, ಅರೋರಾ ಸ್ಟೋರ್ ಅನ್ನುವ ನಾಲ್ಕು ದಾರಿಗಳನ್ನೂ ಹೊಸದಾಗಿ ನೋಡಿದೆ.

ಮೊದಲು ಒಂದು ವಿಷಯ. ಪ್ರತಿ ಎಪಿಕೆಯಲ್ಲೂ ಒಂದು ಡಿಜಿಟಲ್ ಸಹಿ, ಅಂದರೆ ಅದನ್ನು ಕಟ್ಟಿದವರ ಗುರುತು, ಇರುತ್ತದೆ. ಇರುವ ಆ್ಯಪ್ ಮೇಲೆ ಹೊಸ ಆವೃತ್ತಿ ಕೂರಬೇಕಾದರೆ ಎರಡರ ಸಹಿಯೂ ಒಂದೇ ಆಗಿರಬೇಕು. ಇಲ್ಲದಿದ್ದರೆ ಆಂಡ್ರಾಯ್ಡ್ ಒಪ್ಪುವುದಿಲ್ಲ. ಆದರೆ ಮೊದಲ ಸಲ ಹಾಕುವಾಗ ಹೋಲಿಸಿ ನೋಡಲು ಹಳೆಯದು ಇರುವುದೇ ಇಲ್ಲ, ಅಲ್ವಾ? ಹಾಗಾಗಿ ಪ್ರತಿ ದಾರಿಗೂ ನಾನು ಕೇಳಿದ್ದು ಎರಡೇ ಪ್ರಶ್ನೆ. ಮೊದಲ ಸಲ ಈ ಸಹಿಗೆ ಯಾರು ಜವಾಬ್ದಾರಿ? ಆರು ತಿಂಗಳು ಬಿಟ್ಟು ಅಪ್‌ಡೇಟ್ ಯಾರು ತರುತ್ತಾರೆ?

ಎಫ್-ಡ್ರಾಯ್ಡ್ ಅನ್ನುವ ಆ್ಯಪ್ ಅಂಗಡಿ 2010ರಿಂದ ಇದೆ. ಇಲ್ಲಿ ಸಿಗುವುದೆಲ್ಲ ಸೋರ್ಸ್ ಕೋಡ್, ಅಂದರೆ ಬರೆದ ಮೂಲ ಪ್ರೋಗ್ರಾಂ, ಬಹಿರಂಗವಾಗಿರುವ ಆ್ಯಪ್‌ಗಳು. ಇವರು ಆ ಕೋಡ್ ತೆಗೆದುಕೊಂಡು ತಾವೇ ಆ್ಯಪ್ ಕಟ್ಟುತ್ತಾರೆ, ಹೆಚ್ಚಿನವಕ್ಕೆ ತಮ್ಮದೇ ಸಹಿ ಹಾಕುತ್ತಾರೆ. ಅಂಗಡಿಯವನು ಪ್ಯಾಕೆಟ್ ಹಿಟ್ಟು ಮಾರದೆ, ಗೋಧಿ ತರಿಸಿ ತಾನೇ ಬೀಸಿ ಕೊಟ್ಟ ಹಾಗೆ. ಜಾಹೀರಾತು ಇದ್ದರೆ, ನಿಮ್ಮ ಮೇಲೆ ಕಣ್ಣಿಡುವ ಕೋಡ್ ಇದ್ದರೆ, ಆ್ಯಪ್‌ನ ಪುಟದಲ್ಲೇ ಬರೆದಿರುತ್ತಾರೆ. ಹೆಲಿಬೋರ್ಡ್ ಅನ್ನುವ ಕೀಬೋರ್ಡ್ ಇಲ್ಲಿಂದಲೇ ಹಾಕಿದೆ. ಕನ್ನಡವೂ ಇದೆ. ಇಂಟರ್ನೆಟ್ ಅನುಮತಿಯನ್ನೇ ಅದು ಕೇಳುವುದಿಲ್ಲ. ನಾವು ಟೈಪ್ ಮಾಡುವ ಒಂದೊಂದು ಅಕ್ಷರವನ್ನೂ ನೋಡುವ ಆ್ಯಪ್‌ನಲ್ಲಿ ಇದಕ್ಕಿಂತ ಇನ್ನೇನು ಬೇಕು?

ಬೀಸಿ ಕೊಡುವಾಗ ತಡವೂ ಆಗುತ್ತದೆ. ಹೊಸ ಆವೃತ್ತಿ ಇಲ್ಲಿಗೆ ಬರಲು ಕೆಲವು ದಿನ ಬೇಕು. ಬ್ಯಾಂಕ್, ಯುಪಿಐ, ಟ್ಯಾಕ್ಸಿ ಆ್ಯಪ್‌ಗಳನ್ನು ಹುಡುಕಲೇ ಬೇಡಿ.

ಒಬ್ಟೇನಿಯಮ್‌ನದು ಬೇರೆ ರೀತಿ. ಅದು ಅಂಗಡಿಯೇ ಅಲ್ಲ. ಗಿಟ್‌ಹಬ್ (ಕೋಡ್ ಬರೆಯುವವರು ತಮ್ಮ ಕೆಲಸ ಇಡುವ ಸೈಟ್) ಕೊಂಡಿ ಕೊಟ್ಟರೆ, ಆ್ಯಪ್ ಮಾಡಿದವರು ಅಲ್ಲಿಟ್ಟ ಎಪಿಕೆಯನ್ನು ನೇರ ತಂದುಕೊಡುತ್ತದೆ. ಅಪ್‌ಡೇಟ್ ಬಿಡುಗಡೆಯಾದ ದಿನವೇ ಸಿಗುತ್ತದೆ. ಆದರೆ ನಡುವೆ ನೋಡುವವರು ಯಾರೂ ಇಲ್ಲ. ಕೊಂಡಿ ನಕಲಿಯಾದರೆ ನಕಲಿ ಆ್ಯಪ್ಪೇ ಬರುತ್ತದೆ. ಅದಕ್ಕೇ ಮೊದಲ ಸಲ ಆ್ಯಪ್‌ವೆರಿಫೈಯರ್ ಅನ್ನುವ ಸಹಿ ಪರೀಕ್ಷಿಸುವ ಆ್ಯಪ್ ಹಾಕಿಕೊಂಡು, ಆ್ಯಪ್ ಮಾಡಿದವರು ತಮ್ಮ ವೆಬ್‌ಸೈಟಿನಲ್ಲಿ ಕೊಟ್ಟ ಸಹಿಯ ಸಂಖ್ಯೆಗೆ ತಾಳೆ ನೋಡಿದೆ. ಒಂದೇ ಆ್ಯಪ್‌ಗೆ ನಾಲ್ಕೈದು ಫೈಲುಗಳೂ ಇರುತ್ತವೆ, ಒಂದೊಂದು ಬಗೆಯ ಚಿಪ್‌ಗೆ ಒಂದೊಂದು. ಈಗಿನ ಹೆಚ್ಚಿನ ಫೋನ್‌ಗಳಿಗೆ ಆರ್ಮ್64 ಅಂತ ಇರುವುದು ಸರಿ. ಇದನ್ನೆಲ್ಲ ಅಮ್ಮನಿಗೆ ಹೇಳಿಕೊಡುವ ಧೈರ್ಯ ನನಗಿಲ್ಲ.

ಒಂದು ಸಲ ಇಲ್ಲೇ ಎಡವಿದ್ದೇನೆ. ಯೂಟ್ಯೂಬ್ ನೋಡುವ ನ್ಯೂಪೈಪ್ ಆ್ಯಪ್ ಅನ್ನು ಎಫ್-ಡ್ರಾಯ್ಡ್‌ನಿಂದ ಹಾಕಿದ್ದೆ. ಅಪ್‌ಡೇಟ್ ಬೇಗ ಬೇಕು ಅಂತ ಗಿಟ್‌ಹಬ್‌ನದನ್ನು ಅದರ ಮೇಲೆ ಹಾಕಲು ಹೋದೆ. ಕೂರಲಿಲ್ಲ. ಅಲ್ಲಿ ಎಫ್-ಡ್ರಾಯ್ಡ್ ಸಹಿ, ಇಲ್ಲಿ ಆ್ಯಪ್ ಮಾಡಿದವರ ಸಹಿ. ಆತುರಕ್ಕೆ ಹಳೆಯದನ್ನು ತೆಗೆದೇ ಬಿಟ್ಟೆ, ಮೂರು ವರ್ಷದ ಚಾನೆಲ್ ಪಟ್ಟಿ ಅದರ ಜೊತೆ ಹೋಯಿತು. ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಪೋರ್ಟ್ ಬಟನ್ ಇತ್ತು. ತಪ್ಪು ನನ್ನದೇ.

ಎಪಿಕೆ ಮಿರರ್ ಅನ್ನುವ ವೆಬ್‌ಸೈಟ್ ಉಪಯೋಗಕ್ಕೆ ಬರುವುದು ಪ್ಲೇ ಸ್ಟೋರ್‌ನ ಉಚಿತ ಆ್ಯಪ್‌ಗಳ ಹಳೆ ಆವೃತ್ತಿ ಬೇಕಾದಾಗ. ಸಹಿ ಮೂಲದ್ದೇ ಇರುವುದರಿಂದ ಮುಂದಿನ ಅಪ್‌ಡೇಟ್‌ಗಳನ್ನು ಪ್ಲೇ ಸ್ಟೋರೇ ನೋಡಿಕೊಳ್ಳಬಹುದು. ಹಣ ಕೊಡಬೇಕಾದ ಆ್ಯಪ್ ಪುಕ್ಕಟೆ ಸಿಗುತ್ತದೆ ಅನ್ನುವ ಸೈಟ್ ಕಂಡರೆ ಸುಮ್ನೆ ಹಿಂದೆ ಬನ್ನಿ. ಎಪಿಕೆ ಮಿರರ್‌ನವರು ಅಂಥದ್ದನ್ನು ಇಡುವುದಿಲ್ಲ.

ಅರೋರಾ ಸ್ಟೋರ್‌ನಲ್ಲಿ ಬಾಗಿಲು ಮಾತ್ರ ಬೇರೆ, ಗೋದಾಮು ಗೂಗಲ್‌ನದೇ. ಜಿಮೇಲ್ ಕೊಡದೆ ಉಚಿತ ಆ್ಯಪ್ ಇಳಿಸಿಕೊಳ್ಳಬಹುದು. ನಿಮ್ಮ ಮುಖ್ಯ ಖಾತೆಯಿಂದ ಮಾತ್ರ ಒಳಗೆ ಹೋಗಬೇಡಿ, ಇದು ಗೂಗಲ್ ನಿಯಮಕ್ಕೆ ಹೊಂದುವ ದಾರಿಯಲ್ಲ. ಗೂಗಲ್ ಸೇವೆಗಳಿಲ್ಲದ ಫೋನ್ ಇಟ್ಟುಕೊಂಡವರಿಗೆ ಇದು ದೊಡ್ಡ ಆಸರೆ. ಉಳಿದವರಿಗೆ ಅಷ್ಟೇನೂ ಬೇಕಿಲ್ಲ.

ನಾಲ್ಕಕ್ಕೂ ಒಂದೇ ಗೇಟು: "ಅಪರಿಚಿತ ಆ್ಯಪ್‌ಗಳನ್ನು ಇನ್‌ಸ್ಟಾಲ್ ಮಾಡಿ" ಅನ್ನುವ ಅನುಮತಿ. 2017ರ ಆಂಡ್ರಾಯ್ಡ್ 8ಕ್ಕೆ ಮುಂಚೆ ಇಡೀ ಫೋನ್‌ಗೆ ಒಂದೇ ಸ್ವಿಚ್ ಇತ್ತು. ಈಗ ಒಂದೊಂದು ಆ್ಯಪ್‌ಗೂ ಬೇರೆ ಬೇರೆ. ಎಫ್-ಡ್ರಾಯ್ಡ್ ಇಳಿಸಲು ಬ್ರೌಸರ್‌ಗೆ ಆನ್ ಮಾಡಿದ್ದನ್ನು ಜನ ಆಫ್ ಮಾಡುವುದೇ ಇಲ್ಲ. ನಾನೂ ಎರಡು ವರ್ಷ ಮಾಡಿರಲಿಲ್ಲ. ಫೋನ್‌ನಲ್ಲಿರುವ ಆ್ಯಪ್‌ಗಳನ್ನು ಪರೀಕ್ಷಿಸುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಆನ್ ಇದ್ದರೆ ಹಾಗೇ ಇರಲಿ. ಅದನ್ನು ಆಫ್ ಮಾಡಿ ಅಂತ ಕೇಳುವ ಆ್ಯಪ್ ನನಗೆ ಬೇಡ.

ನನ್ನ ಫೋನ್‌ನಲ್ಲಿ ಈಗ ಎಫ್-ಡ್ರಾಯ್ಡ್ ಇದೆ, ಮೂರೇ ಆ್ಯಪ್‌ಗಳಿಗಾಗಿ ಒಬ್ಟೇನಿಯಮ್ ಇದೆ. ಅಮ್ಮನ ಫೋನ್‌ಗೆ ಎಫ್-ಡ್ರಾಯ್ಡ್ ಒಂದೇ. ಆ ಅನುಮತಿ ಅದಕ್ಕೆ ಮಾತ್ರ ಆನ್, ವಾಟ್ಸಾಪ್‌ಗೂ ಬ್ರೌಸರ್‌ಗೂ ಆಫ್.

"ಹಾಗಾದ್ರೆ ನಿಜವಾದ ಮದುವೆ ಕಾಗದ ಬಂದ್ರೆ?" ಅಂದಳು ಅಮ್ಮ.

"ಫೋಟೋ ತೆಗೆದು ಕಳ್ಸೋಕೆ ಹೇಳು."

"ಮನೆಗೇ ಬಂದು ಕರೀಲಿ ಬಿಡು. ಕುಂಕುಮನಾದ್ರೂ ಕೊಟ್ಟು ಕಳಿಸ್ಬಹುದು."